ಎಂಟು ಜನಕ್ಕೊಂದೇ ಕನ್ನಡಕ

ನಮ್ಮ ತಾಲ್ಲೂಕಿನ ಹಳೆಯ ಸಂಘವೊಂದಕ್ಕೆ ಮಾಸಪತ್ರಿಕೆಯೊಂದಿತ್ತು. ಸಂಘ ಕಟ್ಟಿದ ಹಿರಿಯರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿ ಅದರ ಎಪ್ಪತ್ತರ ದಶಕದ ಸಂಚಿಕೆಯೊಂದರಲ್ಲಿದೆ. ಇದೆ ಎಂದರೆ, ಕಾಗದದಲ್ಲಿದೆ. ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಅಕ್ಷರ ಗುರುತಿಸುವ ತಂತ್ರಾಂಶದಿಂದ ಓದಿಸಿ, ಹುಡುಕಲು ಬರುವ ಹಾಗೆ ಕಂಪ್ಯೂಟರಿಗೆ ಏರಿಸಿದ ಮೇಲೆ ಆ ಹಿರಿಯರ ಹೆಸರು ಒತ್ತಿದರೆ ತೆರೆಯ ಮೇಲೆ ಬಂದದ್ದು ಹೀಗೆ: ಮೇಲೆ ದಪ್ಪಕ್ಷರದಲ್ಲಿ ‘ಅಗಲಿದ ಹಿರಿಯರಿಗೆ ನಮನ’. ಅದರ ಕೆಳಗೆ ‘ಹೂರಣವನ್ನು ಕಣಕದೊಳಗಿಟ್ಟು ತೆಳ್ಳಗೆ ತಟ್ಟಿ, ಕಾದ ಕಾವಲಿಯ ಮೇಲೆ ಹಾಕಿ, ಎರಡೂ ಮಗ್ಗುಲು ಕೆಂಪಗೆ ಬೇಯಿಸಿ ತುಪ್ಪ ಸವರಿ.’

ಸಂಘದ ಕಾರ್ಯದರ್ಶಿಗಳು ನಿವೃತ್ತ ಕನ್ನಡ ಮೇಷ್ಟ್ರು, ನನಗೂ ಪಾಠ ಹೇಳಿದವರು. ಫೋನ್ ಮಾಡಿ ಕರೆಸಿಕೊಂಡರು. “ನೋಡೋ, ನೀನು ಇದೇ ಕಸುಬಿನಲ್ಲಿರೋನು. ದೊಡ್ಡವರು ಊಟಪ್ರಿಯರು ಅನ್ನೋದು ನಿಜ. ಆದ್ರೆ ಶ್ರದ್ಧಾಂಜಲೀಲಿ ಯಾರೂ ಹಿಂಗೆ ಬರೆದಿರಲಿಲ್ಲ.”

ಗುತ್ತಿಗೆ ಹಿಡಿದಿದ್ದ ಕಂಪನಿಯ ಹುಡುಗನೂ ಬಂದಿದ್ದ, ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು. ತೆರೆಯ ಕಡೆ ಒಂದು ಸಲ ಕಣ್ಣು ಹಾಯಿಸಿ, ಹೇಳಿ ಹೇಳಿ ಅಭ್ಯಾಸವಾದ ದನಿಯಲ್ಲಿ ಹೇಳಿದ: “ಸರ್, ಕನ್ನಡ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಲ್ವಾ. ಒತ್ತಕ್ಷರ ಜಾಸ್ತಿ. ಅಕ್ಯುರೆಸಿ ಇಷ್ಟೇ ಬರೋದು.”

“ಒತ್ತಕ್ಷರ ಜಾಸ್ತಿ ಆದ್ರೆ ಸತ್ತವರು ಹೋಳಿಗೆ ಆಗ್ತಾರೇನಪ್ಪಾ?” ಎಂದರು ಮೇಷ್ಟ್ರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಲಿಪಿ ಈ ಕಸುಬಿನಲ್ಲಿ ಬಹಳ ಕಾಲದಿಂದ ಅಂಥ ನೆಲವಾಗಿದೆ. ಕನ್ನಡ ಓದುವುದು ಯಂತ್ರಕ್ಕೆ ಸುಲಭವಲ್ಲ, ಒಪ್ಪೋಣ. ಹಳೆಯ ಮೊಳೆ ಅಚ್ಚಿನಲ್ಲಿ ‘ಧ’ದ ಕೆಳಗಿನ ಸೀಳು ಸವೆದುಹೋಗಿ ಧನವೆಲ್ಲ ದನವಾಗುತ್ತದೆ. ‘ಫ’ ಇರುವಲ್ಲಿ ‘ಘ’ ಬರುತ್ತದೆ. ಸೊನ್ನೆಗೂ ಅನುಸ್ವಾರಕ್ಕೂ ಇರುವ ಭೇದ ಅದಕ್ಕೆ ಹೊಳೆಯುವುದಿಲ್ಲ. ಅರ್ಕಾವೊತ್ತು ಕಂಡರೆ ಕನ್ನಡದ ಒಂಬತ್ತು ಎಂದುಕೊಂಡು ‘ಧರ್ಮ’ವನ್ನು ‘ಧಮ೯’ ಮಾಡಿಡುತ್ತದೆ. (ಇದರಲ್ಲಿ ಯಂತ್ರವನ್ನೊಂದೇ ಬೈಯುವ ಹಾಗಿಲ್ಲ, ನಮ್ಮ ಎಷ್ಟೋ ಫಲಕ ಬರೆಯುವವರೂ ಡಿಟಿಪಿಯವರೂ ಅದನ್ನೇ ಮಾಡುತ್ತಾರೆ.) ಇವೆಲ್ಲ ಲಿಪಿಯ ತಪ್ಪುಗಳು. ಇವುಗಳ ಲಕ್ಷಣ ಏನೆಂದರೆ ಅಕ್ಷರ ಕೆಟ್ಟರೂ ಪುಟ ಅದೇ ಪುಟ. ಶ್ರದ್ಧಾಂಜಲಿಯಲ್ಲಿ ಹತ್ತು ಅಕ್ಷರ ಕೆಟ್ಟರೆ ಅದು ಹತ್ತು ತಪ್ಪಿರುವ ಶ್ರದ್ಧಾಂಜಲಿ ಆಗುತ್ತದೆಯೇ ಹೊರತು ಅಡುಗೆ ಆಗುವುದಿಲ್ಲ.

ನಮ್ಮ ತೆರೆಯ ಮೇಲಿದ್ದ ಹೋಳಿಗೆಯಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ‘ಕಣಕ’ ಕಣಕವೇ, ‘ತುಪ್ಪ’ದ ಒತ್ತು ನೆಟ್ಟಗೆ. ಈ ಯಂತ್ರಗಳು ತಾವು ಓದಿದ ಪ್ರತಿ ಪುಟಕ್ಕೂ ತಾವೇ ನೂರಕ್ಕೆ ಇಷ್ಟು ಎಂದು ಅಂಕ ಹಾಕಿಕೊಳ್ಳುತ್ತವೆ, ‘ನನಗೆ ಇಷ್ಟು ಭರವಸೆಯಿದೆ’ ಎಂದು. ಎಪ್ಪತ್ತಕ್ಕಿಂತ ಕಡಿಮೆ ಬಂದ ಪುಟವನ್ನು ಮಾತ್ರ ಮನುಷ್ಯರು ನೋಡಬೇಕು ಎಂದು ಕಂಪನಿಯ ನಿಯಮ. ಶ್ರದ್ಧಾಂಜಲಿಯ ಪುಟಕ್ಕೆ ತೊಂಬತ್ತೊಂದು ಬಂದಿತ್ತು. ಡಿಸ್ಟಿಂಕ್ಷನ್. ಬೇರೆಯವರ ಉತ್ತರಪತ್ರಿಕೆಯನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿದ ಹುಡುಗನಿಗೆ ಬರುವ ಹಾಗೆ.

ಆಗ ನನಗೆ ಅನುಮಾನ ಬಂದು ಇನ್ನೊಂದು ಹುಡುಕಾಟ ಮಾಡಿದೆ. ಹೋಳಿಗೆ ಎಂದು ಒತ್ತಿದೆ. ಅದೇ ವಿಧಾನ, ಅಕ್ಷರಕ್ಕೆ ಅಕ್ಷರ, ಎರಡು ಕಡೆ ಸಿಕ್ಕಿತು. ಒಂದು ‘ಗೃಹಿಣಿಯರ ಪುಟ’ದ ಅಡಿ, ಇನ್ನೊಂದು ನಮನದ ಅಡಿ. ಮೂಲದ ಶ್ರದ್ಧಾಂಜಲಿ ಎಲ್ಲಿಯೂ ಇಲ್ಲ. ಒಂದು ಪುಟ ಎರಡಾಗಿ, ಇನ್ನೊಂದು ಪುಟ ಮಾಯ. ಲಿಪಿಗೆ ಇಂಥ ಕಣ್ಕಟ್ಟು ಬರುವುದಿಲ್ಲ.

“ಎಷ್ಟು ಥ್ರೆಡ್ ಹಾಕಿದ್ದೀಯಪ್ಪಾ?” ಎಂದು ಕೇಳಿದೆ.

ಹುಡುಗನ ಮುಖ ಅರಳಿತು. “ಎಂಟು, ಸರ್! ಎಂಟು ಕೋರ್ ಮೆಷಿನ್. ಫುಲ್ ಪ್ಯಾರಲಲ್.”

“ಎಂಜಿನ್ ಎಷ್ಟು?”

“ಒಂದೇ. ಎಲ್ಲರೂ ಶೇರ್ ಮಾಡ್ತಾರೆ. ಮೆಮೊರಿ ಉಳಿಯುತ್ತೆ.”

ಮೆಮೊರಿ ಉಳಿಯಿತು, ದೊಡ್ಡವರು ಹೋದರು.

ಥ್ರೆಡ್ ಎಂದರೆ ದಾರ, ಎಳೆ. ಒಂದೇ ತಂತ್ರಾಂಶದೊಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು. ಒಂದೇ ಮನೆ, ಒಂದೇ ಉಗ್ರಾಣ, ಎಂಟು ಜನ ಸೊಸೆಯರು ಎನ್ನಬಹುದು. ಯಾರು ಯಾವಾಗ ಯಾವ ಡಬ್ಬಿಗೆ ಕೈ ಹಾಕುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಇಷ್ಟು ಜನ ಕೈ ಹಾಕಿದರೂ ಅಡುಗೆ ಕೆಡುವುದಿಲ್ಲ ಎಂಬ ಭರವಸೆಗೆ ನಮ್ಮ ಕಸುಬಿನಲ್ಲಿ ಥ್ರೆಡ್ ಸೇಫ್ ಎಂದು ಹೆಸರು. ಈ ಭರವಸೆಯಷ್ಟು ಧಾರಾಳವಾಗಿ ಕೊಡುವ, ಇದರಷ್ಟು ಷರತ್ತುಗಳಿರುವ ಇನ್ನೊಂದು ಭರವಸೆಯನ್ನು ನಾನು ಚುನಾವಣೆಯ ಹೊತ್ತಿನಲ್ಲಿ ಮಾತ್ರ ಕಂಡಿದ್ದೇನೆ.

ಹುಡುಗ ಬಳಸಿದ್ದ ಎಂಜಿನ್ ಟೆಸರಾಕ್ಟ್. ಅಕ್ಷರ ಗುರುತಿಸುವ ಮುಕ್ತ ತಂತ್ರಾಂಶಗಳಲ್ಲಿ ಹಿರೀಕ ಅದೇ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಬ್ರಿಸ್ಟಲ್ ಪ್ರಯೋಗಾಲಯದಲ್ಲಿ ರೇ ಸ್ಮಿತ್ ಎಂಬವರ ಪಿಎಚ್.ಡಿ. ಕೆಲಸವಾಗಿ ಹುಟ್ಟಿ, 1985ರಿಂದ 1994ರವರೆಗೆ ಆ ಕಂಪನಿಯಲ್ಲೇ ಬೆಳೆಯಿತು. 1995ರಲ್ಲಿ ಲಾಸ್ ವೇಗಸ್‌ನ ನೆವಾಡ ವಿಶ್ವವಿದ್ಯಾಲಯ ನಡೆಸಿದ ಪರೀಕ್ಷೆಯಲ್ಲಿ ಅಂದಿನ ದೊಡ್ಡ ದೊಡ್ಡ ವಾಣಿಜ್ಯ ತಂತ್ರಾಂಶಗಳ ಸಾಲಿನಲ್ಲಿ ನಿಂತು ಶಹಭಾಸ್ ಎನ್ನಿಸಿಕೊಂಡಿತು. ಆಮೇಲೆ ಹತ್ತು ವರ್ಷ ಕಪಾಟಿನಲ್ಲಿ ಮಲಗಿತು. 2005ರಲ್ಲಿ ಕಂಪನಿ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟಿತು, ಮರುವರ್ಷದಿಂದ ಗೂಗಲ್ ಸಾಕಿತು.

ಅದು ಹುಟ್ಟಿದ ಕಾಲವನ್ನು ನೆನೆಸಿಕೊಳ್ಳಿ. ಮೇಜಿನ ಮೇಲಿನ ಕಂಪ್ಯೂಟರಿಗೆ ಒಂದೇ ಮಿದುಳು, ಒಂದು ಸಲಕ್ಕೆ ಒಂದೇ ಕೆಲಸ. ಯುನಿಕ್ಸ್ ಲೋಕದಲ್ಲಿ ಥ್ರೆಡ್‌ಗಳಿಗೆ ಒಂದು ಮಾನಕ ಅಂತ ಬಂದದ್ದೇ 1995ರಲ್ಲಿ. ಸಿ++ ಭಾಷೆಗಂತೂ ಥ್ರೆಡ್ ಎಂಬ ಪದಾರ್ಥ ಜಗತ್ತಿನಲ್ಲಿದೆ ಎಂದು ಅಧಿಕೃತವಾಗಿ ಗೊತ್ತಾದದ್ದು 2011ರಲ್ಲಿ. ಹಾಗಾಗಿ 1985ರ ತಂತ್ರಾಂಶ ಎಂದರೆ ಉಪನೋಂದಣಿ ಕಚೇರಿಯ ಎದುರಿನ ಮರದಡಿ ಒಂಟಿಯಾಗಿ ಕೂತ ಹಳೆಯ ಪತ್ರ ಬರಹಗಾರನಂತೆ. ಮೇಜು ಅವನದೇ. ಕನ್ನಡಕವನ್ನು ಮೇಜಿನ ಮೇಲೆ ಬಿಟ್ಟಿರುತ್ತಾನೆ, ಅರ್ಧ ಬರೆದ ಕ್ರಯಪತ್ರ ಅಲ್ಲೇ ಬಿದ್ದಿರುತ್ತದೆ, ನಶ್ಯದ ಡಬ್ಬಿ ಅದರ ಮೇಲೆ. ಯಾರು ಮುಟ್ಟುತ್ತಾರೆ? ಹೀಗೆ ಮೇಜಿನ ಮೇಲೆ ಎಲ್ಲರ ಕೈಗೂ ಸಿಗುವ ಹಾಗೆ ಬಿಟ್ಟ ಸಾಮಾನುಗಳಿಗೆ ನಾವು ಗ್ಲೋಬಲ್ ವೇರಿಯಬಲ್ ಎನ್ನುತ್ತೇವೆ. ಒಬ್ಬನೇ ಇದ್ದಾಗ ಅದು ತಪ್ಪಲ್ಲ, ಸುಖ.

ಆಮೇಲೆ ಕಚೇರಿ ದೊಡ್ಡದಾಯಿತು. ಒಂದು ಚಿಪ್‌ನಲ್ಲಿ ಎರಡು, ನಾಲ್ಕು, ಎಂಟು ಮಿದುಳು, ಅಂದರೆ ಕೋರ್, ಬಂದವು. ಅದೇ ಮೇಜಿಗೆ ಎಂಟು ಜನರನ್ನು ಕೂರಿಸಿದರು. ಕನ್ನಡಕ ಮಾತ್ರ ಒಂದೇ. ಒಬ್ಬ ಕ್ರಯಪತ್ರದ ಚಕ್ಕುಬಂದಿ ಓದುತ್ತಿರುವಾಗ ಪಕ್ಕದವನು ಅವನ ಮೂಗಿನಿಂದ ಕನ್ನಡಕ ಎತ್ತಿಕೊಂಡು ದಾನಪತ್ರ ಓದತೊಡಗುತ್ತಾನೆ. ಮೊದಲಿನವನು ಪೂರ್ವಕ್ಕೆ ಯಾರ ಹೊಲ ಎಂದು ಅಂದಾಜಿನ ಮೇಲೆ ಬರೆಯುತ್ತಾನೆ.

ಇದನ್ನು ಸರಿಪಡಿಸಲಿಲ್ಲ ಎನ್ನುವಂತಿಲ್ಲ. 2011ರಲ್ಲಿ ಬಂದ 3.01 ಆವೃತ್ತಿಯಲ್ಲಿ ಮುಖ್ಯವಾದ ಗ್ಲೋಬಲ್‌ಗಳನ್ನೆಲ್ಲ ಆಯಾ ಎಂಜಿನ್ನಿನ ಒಳಕ್ಕೆ ಸರಿಸಿದರು, ಒಬ್ಬೊಬ್ಬರಿಗೂ ಅವರವರ ಕನ್ನಡಕ ಕೊಟ್ಟ ಹಾಗೆ. ಅದು ನಿಜವಾಗಿಯೂ ದೊಡ್ಡ ಕೆಲಸ. ಇಪ್ಪತ್ತೈದು ವರ್ಷದ ಸಂಸಾರವನ್ನು ಪಾಲು ಮಾಡಿದಂತೆ. ಅದರ ಬಿಡುಗಡೆಯ ಟಿಪ್ಪಣಿಯಲ್ಲಿ, ಟೆಸರಾಕ್ಟ್ ಇನ್ನು ಮುಂದೆ ಥ್ರೆಡ್ ಸೇಫ್, ಬೇರೆ ಬೇರೆ ಥ್ರೆಡ್‌ಗಳಲ್ಲಿ ಬೇರೆ ಬೇರೆ ಎಂಜಿನ್‌ಗಳನ್ನು ಓಡಿಸಬಹುದು ಎಂದು ಸಾರಿದರು. ಅದರ ಬಾಲಕ್ಕೇ ಒಂದು ಸಣ್ಣ ಮಾತು: ಚಿಕ್ಕದೊಂದು ಅಪವಾದವಿದೆ, ಕೆಲವು ನಿಯಂತ್ರಕಗಳು ಇನ್ನೂ ಗ್ಲೋಬಲ್ ಆಗಿಯೇ ಇದ್ದು ಎಲ್ಲ ಥ್ರೆಡ್‌ಗಳ ಮೇಲೂ ಪರಿಣಾಮ ಬೀರುತ್ತವೆ. ಕನ್ನಡಕ ಎಂಟು ಕೊಟ್ಟರು, ಫ್ಯಾನಿನ ರೆಗ್ಯುಲೇಟರ್ ಮಾತ್ರ ಗೋಡೆಯ ಮೇಲೆ ಒಂದೇ. ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕೂತವರಿಗೆ ಗೊತ್ತು, ಆ ಒಂದು ರೆಗ್ಯುಲೇಟರ್ ಸಾಕು ಎಲೆ ಹಾರಿಸಲಿಕ್ಕೆ.

ನನಗೆ ಆ ಟಿಪ್ಪಣಿಯ ಮೇಲೆ ಗೌರವವಿದೆ. ಕನಿಷ್ಠ ಹೇಳಿದ್ದಾರೆ. ಈ ಕಸುಬಿನಲ್ಲಿ ಹೆಚ್ಚಿನವರು ಥ್ರೆಡ್ ಸೇಫ್ ಎಂದು ಬರೆಯುವುದು ಹೋಟೆಲಿನವರು ‘ಶುಚಿ ರುಚಿ’ ಎಂದು ಬರೆಸುವ ಹಾಗೆ. ಬರೆದ ಮೇಲೆ ಅಡುಗೆಮನೆಗೆ ಹೋಗಿ ನೋಡುವ ಪದ್ಧತಿಯಿಲ್ಲ. ದಸ್ತಾವೇಜು ಬಿಡಿಸಿ ಓದಿದರೆ ಅರ್ಥ ಹೀಗಿರುತ್ತದೆ: ನೀವು ಎರಡು ಕಡೆಯಿಂದ ಮುಟ್ಟದಿದ್ದರೆ ಸುರಕ್ಷಿತ. ಮುಟ್ಟಲೇಬೇಕಾದರೆ ಬೀಗ ನೀವೇ ತನ್ನಿ. ಬೀಗ ಹಾಕಿದ ಮೇಲೆ ನಿಧಾನವಾದರೆ ನಮ್ಮನ್ನು ಕೇಳಬೇಡಿ.

ನೇರವಾಗಿ ಹೇಳುವವರೂ ಇದ್ದಾರೆ. ಸಿ ಭಾಷೆಯ ಗ್ರಂಥಾಲಯದಲ್ಲಿ ಸ್ಟ್ರ್‌ಟಾಕ್ ಎಂಬುದೊಂದಿದೆ, ಉದ್ದನೆಯ ಸಾಲನ್ನು ತುಂಡು ತುಂಡಾಗಿ ಕೊಡುವ ಸಣ್ಣ ಕೆಲಸಗಾರ. ಎಲ್ಲಿಯವರೆಗೆ ತುಂಡು ಮಾಡಿದೆ ಎಂದು ನೆನಪಿಡಲು ಅದರ ಹತ್ತಿರ ಒಂದೇ ಗುರುತು ಇರುತ್ತದೆ. ಮನೆಮಂದಿಯೆಲ್ಲ ಓದುವ ಕಾದಂಬರಿಗೆ ಒಂದೇ ನವಿಲುಗರಿ ಇಟ್ಟ ಹಾಗೆ. ಅಜ್ಜಿ ಹನ್ನೆರಡನೇ ಅಧ್ಯಾಯದಲ್ಲಿ ಇಟ್ಟದ್ದನ್ನು ಮೊಮ್ಮಗಳು ಎತ್ತಿ ಮೂರನೆಯದರಲ್ಲಿ ಇಟ್ಟರೆ, ಸಂಜೆ ಅಜ್ಜಿಗೆ ಸತ್ತ ನಾಯಕ ಎದ್ದು ಬಂದಿರುತ್ತಾನೆ. ಲಿನಕ್ಸ್ ಕೈಪಿಡಿ ಇದರ ಮುಂದೆ ಥ್ರೆಡ್‌ಗಳಿಗೆ ಅಸುರಕ್ಷಿತ ಎಂದು ನೇರವಾಗಿ ಬರೆದಿದೆ, ನವಿಲುಗರಿಯನ್ನು ಅವರವರೇ ತಂದುಕೊಳ್ಳಬಹುದಾದ ಇನ್ನೊಂದು ನಮೂನೆಯೂ ಸಿಗುತ್ತದೆ. ಕೈಪಿಡಿ ಓದುವವರಿಗೆ ಯಾವ ತೊಂದರೆಯೂ ಇಲ್ಲ. ತೊಂದರೆ ಇರುವುದು ಉಳಿದವರಿಗೆ, ಅಂದರೆ ಎಲ್ಲರಿಗೂ.

ಹುಡುಗನ ಕಥೆಗೆ ಬರೋಣ. ಅವನೇನು ದಡ್ಡನಲ್ಲ. ಕೆದಕಿದಾಗ ಬಾಯಿ ಬಿಟ್ಟ. ಮೊದಲು ಬೀಗ ಗೀಗ ಏನೂ ಇಲ್ಲದೆ ಎಂಟು ಥ್ರೆಡ್‌ಗಳನ್ನು ಒಂದೇ ಎಂಜಿನ್ನಿನ ಮೇಲೆ ಬಿಟ್ಟಿದ್ದ. ಎಂಜಿನ್ ಐದು ನಿಮಿಷಕ್ಕೊಮ್ಮೆ ದಬಕ್ಕನೆ ಬಿದ್ದಿತು. ಬಿದ್ದದ್ದು ಅದರ ಒಳ್ಳೆಯತನ. ತಪ್ಪು ಮಾಡಿದಾಗ ಬೀಳುವ ತಂತ್ರಾಂಶ ಮರ್ಯಾದಸ್ಥರ ಮನೆಯದು. ಅವನ ಮ್ಯಾನೇಜರು ಅದು ಬಿದ್ದಾಗಲೆಲ್ಲ ಎಬ್ಬಿಸಿ ಕೂರಿಸುವ ಒಂದು ಸ್ಕ್ರಿಪ್ಟ್ ಬರೆಸಿದ. ವಾರಕ್ಕೆ ಮುಗಿಯಬೇಕಾದ್ದು ಮುಗಿಯಲಿಲ್ಲ. ಆಗ ಯಾರೋ ಬೀಗ ಹಾಕು ಎಂದರು, ಅಂದರೆ ಒಬ್ಬ ಮುಟ್ಟಿರುವಾಗ ಉಳಿದವರು ಕಾಯುವ ಹಾಗೆ ಮಾಡು ಎಂದು. ಹಾಕಿದ.

ಹೇಗೆ ಹಾಕಿದ ಎಂಬುದೇ ನೋಡುವಂಥದ್ದು. ಟೆಸರಾಕ್ಟ್‌ಗೆ ಕೆಲಸ ಹೇಳುವುದು ಎರಡು ಹೆಜ್ಜೆಯಲ್ಲಿ. ಮೊದಲು ‘ಇಗೋ ಪುಟ’ ಎಂದು ಚಿತ್ರ ಕೊಡಬೇಕು. ಆಮೇಲೆ ‘ಈಗ ಪಠ್ಯ ಕೊಡು’ ಎಂದು ಕೇಳಬೇಕು. ಯಾವ ಪುಟದ ಪಠ್ಯ ಎಂದು ಎರಡನೆಯ ಸಲ ಹೇಳುವ ಹಾಗಿಲ್ಲ, ಕೊನೆಗೆ ಕೈಗೆ ಬಂದ ಪುಟವನ್ನೇ ಅದು ಓದುತ್ತದೆ. ಹುಡುಗ ಚಿತ್ರ ಕೊಡುವಾಗ ಬೀಗ ಹಾಕಿ, ಕೊಟ್ಟ ಮೇಲೆ ತೆಗೆದ. ಪಠ್ಯ ಕೇಳುವಾಗ ಮತ್ತೆ ಹಾಕಿ, ಆದ ಮೇಲೆ ಮತ್ತೆ ತೆಗೆದ. ಎರಡು ಬಾಗಿಲಿಗೂ ಬೀಗ, ನಡುವಿನ ಹಜಾರ ಬಟಾಬಯಲು. ಬಚ್ಚಲಿಗೆ ಹೋಗುವಾಗ ಚಿಲಕ ಹಾಕಿ, ಮೈಗೆ ಸೋಪು ಹಚ್ಚಿಕೊಂಡ ಮೇಲೆ ಚಿಲಕ ತೆಗೆದು, ನೀರು ಹುಯ್ದುಕೊಳ್ಳುವಾಗ ಮತ್ತೆ ಹಾಕಿಕೊಂಡ ಹಾಗೆ.

ಮೂರನೇ ಥ್ರೆಡ್ ಶ್ರದ್ಧಾಂಜಲಿಯ ಪುಟ ಕೊಟ್ಟಿತು, ಬೀಗ ತೆಗೆಯಿತು. ಕಣ್ಣೆವೆ ಇಕ್ಕುವುದರೊಳಗೆ ಆರನೆಯದು ಅದೇ ಎಂಜಿನ್ನಿಗೆ ಹೋಳಿಗೆಯ ಪುಟ ಕೊಟ್ಟಿತು, ಬೀಗ ತೆಗೆಯಿತು. ಮೂರನೆಯದು ಬಂದು “ನನ್ನ ಪಠ್ಯ” ಎಂದಿತು. ಎಂಜಿನ್ ಕೈಯಲ್ಲಿದ್ದ ಹೋಳಿಗೆಯನ್ನು ಶ್ರದ್ಧೆಯಿಂದ ಓದಿ ಕೊಟ್ಟಿತು. ಆರನೆಯದು ಬಂದು “ನನ್ನ ಪಠ್ಯ” ಎಂದಿತು. ಅದಕ್ಕೂ ಹೋಳಿಗೆ. ದೊಡ್ಡವರ ಪುಟವನ್ನು ಯಾರೂ ಓದಲೇ ಇಲ್ಲ.

ಬೀಗ ಹಾಕಿದ ಮೇಲೆ ಎಂಜಿನ್ ಬೀಳುವುದು ನಿಂತಿತ್ತಲ್ಲ, ಕಂಪನಿಯಲ್ಲಿ ಸಿಹಿ ಹಂಚಿದರಂತೆ. ನಮ್ಮ ಸಂಘಕ್ಕೆ ಕಳಿಸಿದ ವರದಿಯಲ್ಲಿ ‘ಸಿಸ್ಟಮ್ ಈಗ ಸಂಪೂರ್ಣ ಥ್ರೆಡ್ ಸೇಫ್’ ಎಂಬ ಸಾಲು ಹಸಿರು ಬಣ್ಣದಲ್ಲಿತ್ತು.

“ಪರೀಕ್ಷೆ ಮಾಡಲಿಲ್ವೇನಪ್ಪಾ?”

“ಮಾಡಿದ್ವಿ ಸರ್. ಹತ್ತು ಪುಟ ಹಾಕಿ ನೋಡಿದ್ವಿ, ಎಲ್ಲ ಸರಿ ಬಂತು.”

ಬರದೆ ಏನು? ಥ್ರೆಡ್‌ಗಳ ಎಡವಟ್ಟು ಇನ್ಸ್‌ಪೆಕ್ಷನ್ ದಿನದ ಶಾಲೆ ಇದ್ದ ಹಾಗೆ. ಸಾಹೇಬರು ಒಳಗೆ ಕಾಲಿಟ್ಟರೆ ಮಕ್ಕಳೆಲ್ಲ ಕೈಕಟ್ಟಿ ಕೂತಿರುತ್ತಾರೆ. ಎಲ್ಲಿ ತಪ್ಪುತ್ತಿದೆ ಎಂದು ನೋಡಲು ನಡುವೆ ಒಂದು ಸಾಲು ಮುದ್ರಿಸುವ ಆಜ್ಞೆ ಸೇರಿಸಿದರೆ ಸಾಕು, ಆ ಚಿಟಿಕೆ ಹೊತ್ತಿನ ವಿಳಂಬಕ್ಕೇ ಥ್ರೆಡ್‌ಗಳ ಹೆಜ್ಜೆ ಬದಲಾಗಿ ತಪ್ಪು ಅಡಗಿಕೊಳ್ಳುತ್ತದೆ. ಆ ಸಾಲು ತೆಗೆದು ಗ್ರಾಹಕರಿಗೆ ಕಳಿಸಿದ ಮರುದಿನ ಮತ್ತೆ ಗಲಾಟೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದಲ್ಲಿ ಸುಮಾರು ಐದು ಕೋಟಿ ಜನ ಕತ್ತಲಲ್ಲಿ ಕೂತರಲ್ಲ, ಅದರ ಹಿಂದಿನ ಕಾರಣಗಳಲ್ಲಿ ಒಂದು ಇದೇ ಜಾತಿಯದು. ಓಹಿಯೊದ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಅಪಾಯದ ಗಂಟೆ ಬಾರಿಸಬೇಕಿದ್ದ ತಂತ್ರಾಂಶದೊಳಗೆ ಇಬ್ಬರು ಒಂದೇ ಡಬ್ಬಿಗೆ ಕೈ ಹಾಕಿ, ಗಂಟೆ ಬಾರಿಸುವ ಭಾಗ ಸುಮ್ಮನೆ ಸ್ತಬ್ಧವಾಯಿತು. ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲಿದ್ದವರು ಗಂಟೆ ಬಾರಿಸುತ್ತಿಲ್ಲವಾದ್ದರಿಂದ ಎಲ್ಲ ಸುಸೂತ್ರ ಎಂದುಕೊಂಡಿದ್ದರು. ನಮ್ಮ ಹಸಿರು ಸಾಲಿನ ದೊಡ್ಡಣ್ಣ.

ಹಾಗಾದರೆ ಎರಡು ಹೆಜ್ಜೆಗೂ ಸೇರಿಸಿ ಒಂದೇ ದೊಡ್ಡ ಬೀಗ ಹಾಕಿದರೆ? ಹೋಳಿಗೆ ಅಡುಗೆಮನೆಗೆ ಹೋಗುತ್ತದೆ, ಆದರೆ ಒಬ್ಬ ಓದುವಾಗ ಏಳು ಜನ ಸಾಲಿನಲ್ಲಿ ನಿಲ್ಲುತ್ತಾರೆ. ಎಂಟು ಕೋರಿನ ಯಂತ್ರದ ಬಾಡಿಗೆ, ಒಂದು ಕೋರಿನ ಕೆಲಸ. ಎಷ್ಟೋ ಕಚೇರಿಗಳಲ್ಲಿ ಇದೇ ವ್ಯವಸ್ಥೆ ವರ್ಷಗಟ್ಟಲೆ ನಡೆಯುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎಂಟೂ ಕುರ್ಚಿ ಭರ್ತಿಯಾಗಿ ಕಾಣುತ್ತವಲ್ಲ.

ಹಳೆಯ ಟೆಸರಾಕ್ಟ್‌ನ ಇನ್ನೊಂದು ಗುಣವನ್ನೂ ಹೇಳಲೇಬೇಕು. ಪುಟವನ್ನು ಅದು ಎರಡು ಸಲ ಓದುತ್ತಿತ್ತು. ಮೊದಲ ಸುತ್ತಿನಲ್ಲಿ ಖಚಿತವಾಗಿ ಸಿಕ್ಕ ಪದಗಳಿಂದ ಈ ಪುಟದ ಅಚ್ಚುಮೊಳೆ ಹೇಗಿದೆ ಎಂದು ಕಲಿತುಕೊಂಡು, ಆ ಕಲಿಕೆಯಿಂದ ಎರಡನೆಯ ಸುತ್ತಿನಲ್ಲಿ ಮೊದಲು ತಪ್ಪಿದ್ದನ್ನು ಹಿಡಿಯುತ್ತಿತ್ತು. ಎಷ್ಟು ಚಂದದ ಉಪಾಯ! ನಮ್ಮ ಅಜ್ಜಂದಿರು ಗೊತ್ತಿಲ್ಲದವರ ಕೈಬರಹದ ಕಾಗದ ಓದುತ್ತಿದ್ದದ್ದೂ ಹೀಗೆಯೇ. ಆದರೆ ಆ ಕಲಿಕೆ ಎಂಜಿನ್ನಿನಲ್ಲಿ ಉಳಿಯುತ್ತದೆ. ಹಿಂದಿನ ಪುಟದಲ್ಲಿ ಕಲಿತದ್ದನ್ನು ಮುಂದಿನ ಪುಟಕ್ಕೂ ಹಚ್ಚುತ್ತದೆ. ಬೇಡವಾದರೆ ‘ಕಲಿತದ್ದನ್ನು ಮರೆ’ ಎಂದು ಬಾಯಿಬಿಟ್ಟು ಹೇಳಬೇಕು, ಅದಕ್ಕೊಂದು ಆಜ್ಞೆಯೂ ಇದೆ. ಹೇಳದಿದ್ದರೆ ಅದೇ ಪುಟ ಇವತ್ತು ಒಂದು ಥರ, ನಾಳೆ ಒಂದು ಥರ ಓದಿಸಿಕೊಳ್ಳಬಹುದು, ಅದರ ಹಿಂದೆ ಯಾರು ಕೂತಿದ್ದರು ಎಂಬುದರ ಮೇಲೆ. ಎಂಟು ಥ್ರೆಡ್ ಸೇರಿ ಒಂದೇ ಎಂಜಿನ್ನಿಗೆ ಪಾಠ ಹೇಳಿದರೆ ಯಾರ ಪಾಠ ಯಾರ ತಲೆಗೆ ಹೋಯಿತು ಎಂದು ಸರಸ್ವತಿಯೂ ಹೇಳಲಾರಳು.

2018ರ ಅಕ್ಟೋಬರಿನಲ್ಲಿ ಬಂದ 4.0ರಲ್ಲಿ ನರಜಾಲದ ಹೊಸ ಎಂಜಿನ್ ಬಂತು, ಸಾಲಿಗೆ ಸಾಲನ್ನೇ ಓದುವಂಥದ್ದು. ಕನ್ನಡದಂಥ ಲಿಪಿಗಳಿಗೆ ಅದು ನಿಜವಾದ ಉಪಕಾರ. ಅದರ ಜೊತೆಗೇ ಒಂದು ಪ್ರಹಸನವೂ ಬಂತು. ಇದು ನನಗೆ ಬಹಳ ಪ್ರಿಯವಾದದ್ದು.

ಪ್ರತಿ ಕಂಪ್ಯೂಟರಿನಲ್ಲೂ ‘ನಿಮ್ಮ ಭಾಷೆ, ಪ್ರದೇಶ ಯಾವುದು’ ಎಂಬ ಸಜ್ಜಿಕೆ ಇರುತ್ತದೆ, ಲೊಕೇಲ್ ಎಂದು ಅದರ ಹೆಸರು. ಜರ್ಮನಿಯಲ್ಲಿ ಒಂದೂವರೆಯನ್ನು 1,5 ಎಂದು ಬರೆಯುತ್ತಾರೆ, ನಾವು 1.5 ಎನ್ನುತ್ತೇವೆ. ಜರ್ಮನ್ ಸಜ್ಜಿಕೆಯಲ್ಲಿ 0.5 ಎಂಬುದನ್ನು ಓದಿಸಿದರೆ ಕಂಪ್ಯೂಟರು ಚುಕ್ಕಿಯ ಹತ್ತಿರ ನಿಂತು ‘ಸೊನ್ನೆ’ ಎನ್ನುತ್ತದೆ. ಟೆಸರಾಕ್ಟ್‌ನ ಒಳಗಿನ ಲೆಕ್ಕವೆಲ್ಲ ಹೀಗೆ ಹಾಳಾಗುವ ಸಂಭವವಿತ್ತು. ಈ ಸಜ್ಜಿಕೆ ಇಡೀ ತಂತ್ರಾಂಶಕ್ಕೆ ಒಂದೇ, ಅದೇ ಗೋಡೆಯ ಮೇಲಿನ ರೆಗ್ಯುಲೇಟರ್. ಒಬ್ಬ ತಿರುಗಿಸಿದರೆ ಎಲ್ಲರಿಗೂ ತಿರುಗಿತು. ಆದ್ದರಿಂದ 4.0ರಲ್ಲಿ ಬಾಗಿಲಲ್ಲೇ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರು. ಸಜ್ಜಿಕೆ ‘ಸಿ’ ಎಂದಿದ್ದರೆ, ಅಂದರೆ ಯಾವ ದೇಶಭಾಷೆಯೂ ಇಲ್ಲ ಎಂದಿದ್ದರೆ, ಒಳಗೆ ಬಾ. ಬೇರೆ ಏನಾದರೂ ಇದ್ದರೆ ಇಡೀ ತಂತ್ರಾಂಶವನ್ನೇ ಅಲ್ಲಿಗೇ ಕೆಡವಿಬಿಡುವುದು. ಕನ್ನಡಕ್ಕೆ ದಶಮಾಂಶದ ಚುಕ್ಕಿಯ ತಕರಾರೇ ಇಲ್ಲ, ಆದರೂ ಟೆಸರಾಕ್ಟನ್ನು ಕರೆಯುವ ತಂತ್ರಾಂಶ ‘ಕನ್ನಡ, ಭಾರತ’ ಎಂದು ಸಜ್ಜಿಕೆ ಇಟ್ಟುಕೊಂಡಿದ್ದರೆ ಅದಕ್ಕೂ ಅದೇ ಗತಿ. ನೂರಕ್ಕೂ ಹೆಚ್ಚು ಭಾಷೆ ಓದಬಲ್ಲೆ ಎಂದು ಬೋರ್ಡು ಹಾಕಿಕೊಂಡ ಮಹನೀಯರು, ನಿಮ್ಮ ಭಾಷೆ ಯಾವುದೆಂದು ನೀವು ಹೇಳಿದರೆ ಮೂರ್ಛೆ ಹೋಗುತ್ತಿದ್ದರು.

ಬಳಸುವವರಿಗೆ ಸಿಕ್ಕ ಪರಿಹಾರವೇನು? ಟೆಸರಾಕ್ಟನ್ನು ಕರೆಯುವ ಮೊದಲು ಸಜ್ಜಿಕೆಯನ್ನು ‘ಸಿ’ಗೆ ಬದಲಿಸಿಕೊಳ್ಳಿ. ಅಂದರೆ ಒಬ್ಬ ಓದುಗನಿಗಾಗಿ ಮನೆಯ ಎಲ್ಲ ಥ್ರೆಡ್‌ಗಳ ಭಾಷೆ ಕಿತ್ತುಕೊಳ್ಳಿ. 2019ರ ಜುಲೈನಲ್ಲಿ 4.1 ಬಂದಾಗ ಕಾವಲುಗಾರನನ್ನು ಕಳಿಸಿಕೊಟ್ಟರು. ಅಷ್ಟರಲ್ಲಿ ಎಷ್ಟು ಜನ ತಮ್ಮ ಭಾಷೆಯೇ ತಪ್ಪು ಎಂದು ನಂಬಿ ಬದಲಿಸಿಕೊಂಡಿದ್ದರೋ! ನಮ್ಮವರಿಗೆ ಆ ಅಭ್ಯಾಸ ಮೊದಲಿನಿಂದಲೂ ಇದೆ.

ಅದೇ 4.0 ತಾನಾಗಿಯೇ ಒಂದು ಪುಟ ಓದಲು ನಾಲ್ಕು ಥ್ರೆಡ್‌ವರೆಗೂ ಎಬ್ಬಿಸುತ್ತದೆ. ಒಬ್ಬರ ಮನೆಯಲ್ಲಿ ಒಂದು ಪುಟ ಓದಿಸುವಾಗ ಚೆನ್ನ. ನಮ್ಮ ಹುಡುಗನಂಥವರು ಅದರ ಮೇಲೆ ತಮ್ಮ ಎಂಟನ್ನು ಹೇರುತ್ತಾರೆ, ಒಬ್ಬೊಬ್ಬರಿಗೂ ಒಂದೊಂದು ಎಂಜಿನ್ ಕೊಟ್ಟರೆ ಎಂಟು ನಾಲ್ಕಲೇ ಮೂವತ್ತೆರಡು ಜನ, ಎಂಟು ಕುರ್ಚಿ. ಬಸ್ಸು ಹತ್ತುವ ಗಲಾಟೆಯಲ್ಲೇ ಅರ್ಧ ಹೊತ್ತು ಹೋಗುತ್ತದೆ. ಇದಕ್ಕೆ ಟೆಸರಾಕ್ಟ್‌ನ ಹಿರಿಯರು ತಮ್ಮ ದಸ್ತಾವೇಜಿನಲ್ಲೇ ಬುದ್ಧಿವಾದ ಬರೆದಿಟ್ಟಿದ್ದಾರೆ: ರಾಶಿ ರಾಶಿ ಪುಟಗಳಿದ್ದರೆ ಒಳಗಿನ ಥ್ರೆಡ್‌ಗಳನ್ನು ಒಂದಕ್ಕೆ ಇಳಿಸಿ. ಕೋರಿಗೊಂದರಂತೆ ಬೇರೆ ಬೇರೆ ಟೆಸರಾಕ್ಟ್‌ಗಳನ್ನೇ ಓಡಿಸಿ. ಬೇರೆ ಬೇರೆ ಮನೆ, ಬೇರೆ ಬೇರೆ ಒಲೆ. ಕೂಡುಕುಟುಂಬದ ಪ್ರಯೋಗ ಮಾಡಿದವರು ಕೊನೆಗೆ ಬರೆದುಕೊಟ್ಟದ್ದು ವಿಭಾಗಪತ್ರ.

ಪೈಥಾನ್ ಬಳಸುವ ಮಂದಿಯಲ್ಲಿ ಎಷ್ಟೋ ಜನರಿಗೆ ಇದು ತಿಳಿಯದೆಯೇ ಸಿಕ್ಕಿರುತ್ತದೆ. ಅವರು ಬಳಸುವ ಪೈಟೆಸರಾಕ್ಟ್ ಎಂಬ ಹೊದಿಕೆ ಪ್ರತಿ ಚಿತ್ರಕ್ಕೂ ಹೊಸದಾಗಿ ಟೆಸರಾಕ್ಟನ್ನು ಎಬ್ಬಿಸಿ, ಓದಿಸಿ, ಮನೆಗೆ ಕಳಿಸುತ್ತದೆ. ನಿಧಾನ, ಆದರೆ ಯಾರ ಕನ್ನಡಕ ಯಾರೂ ಕಸಿಯುವುದಿಲ್ಲ. ಆದರೂ ಅವರು ತಮ್ಮ ಸ್ವವಿವರದಲ್ಲಿ ‘ಮಲ್ಟಿಥ್ರೆಡಿಂಗ್ ಪರಿಣತಿ’ ಎಂದು ಬರೆದುಕೊಂಡಿರುತ್ತಾರೆ. ಬರೆದುಕೊಳ್ಳಲಿ.

ನಮ್ಮ ಸಂಘದ ಪುಟಗಳನ್ನು ಮತ್ತೆ ಓದಿಸಲಾಯಿತು. ಎಂಟು ಬೇರೆ ಬೇರೆ ಟೆಸರಾಕ್ಟ್, ಒಂದೊಂದಕ್ಕೂ ಒಂದೇ ಥ್ರೆಡ್. ರಾತ್ರಿ ಊಟ ಮುಗಿಸಿ ಹಚ್ಚಿದ್ದು ಬೆಳಗ್ಗೆ ಕಾಫಿ ಹೊತ್ತಿಗೆ ಮುಗಿದಿತ್ತು. ಕಂಪನಿ ಕಳಿಸಿದ ಹೊಸ ಬಿಲ್ಲಿನಲ್ಲಿ ‘ಸುಧಾರಿತ ಥ್ರೆಡ್ ಸುರಕ್ಷತೆ’ ಎಂದು ಪ್ರತ್ಯೇಕ ಬಾಬ್ತು ಇತ್ತು, ಜಿಎಸ್‌ಟಿ ಸಹಿತ. ಥ್ರೆಡ್ ತೆಗೆದದ್ದಕ್ಕೆ ಥ್ರೆಡ್ಡಿನ ಹೆಸರಲ್ಲಿ ದುಡ್ಡು. ಮೇಷ್ಟ್ರು ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ‘ವ್ಯಾಕರಣದೋಷ’ ಎಂದು ಬರೆದು ವಾಪಸು ಕಳಿಸಿದರು.

ದೊಡ್ಡವರ ಶ್ರದ್ಧಾಂಜಲಿ ಈಗ ತೆರೆಯ ಮೇಲಿದೆ. ಒಂದು ಕಡೆ ‘ಧರ್ಮಬುದ್ಧಿ’ ಎಂಬುದು ‘ಧಮ೯ಬುದ್ಧಿ’ ಆಗಿದೆ. ಮೇಷ್ಟ್ರು ಅದನ್ನು ನೋಡಿ, “ಇದು ಲಿಪಿ ತಪ್ಪು, ಇರ್ಲಿ ಬಿಡು, ನಾನು ತಿದ್ದುತೀನಿ” ಎಂದರು. ಅದರ ಅಂಕ ಅರವತ್ತೆಂಟು.

ಇಷ್ಟೆಲ್ಲ ಪತ್ತೆಯಾದದ್ದು ಕಾಗದದ ಸಂಚಿಕೆ ಕೈಯಲ್ಲಿದ್ದುದರಿಂದ. ಸ್ಕ್ಯಾನ್ ಮುಗಿದ ವಾರವೇ ಸಂಘದ ಖಜಾಂಚಿ ಹಳೆಯ ಕಟ್ಟುಗಳಿಗೆ ರದ್ದಿಯವನ ಹತ್ತಿರ ಕಿಲೋ ಲೆಕ್ಕದಲ್ಲಿ ದರ ಮಾತಾಡಿ ಬಂದಿದ್ದರು. ಮಳೆ ಬಂದು ಅವನ ಗಾಡಿ ಬರಲಿಲ್ಲ, ಅಷ್ಟೇ. ನಿಮ್ಮ ಸಂಘದಲ್ಲೋ ಶಾಲೆಯಲ್ಲೋ ಮಠದಲ್ಲೋ ಇಂಥ ಕೆಲಸ ನಡೆಯುತ್ತಿದ್ದರೆ ದಯವಿಟ್ಟು ಮೂಲ ಪ್ರತಿಗಳನ್ನು ರದ್ದಿಗೆ ಹಾಕಬೇಡಿ. ಪಠ್ಯದ ಜೊತೆಗೆ ಸ್ಕ್ಯಾನಿನ ಚಿತ್ರಗಳನ್ನೂ ಕೇಳಿ ಪಡೆಯಿರಿ. ಒಂದು ಸಂಜೆ ನಾಲ್ಕು ಜನ ಕೂತು, ಒಬ್ಬೊಬ್ಬರೂ ಅವರವರ ಕನ್ನಡಕ ಹಾಕಿಕೊಂಡು, ನೂರು ಪುಟ ತಾಳೆ ನೋಡಿ.